ಫಿಲೋಥಿಯಾಳ ಮನೆವಾರ್ತೆ

ಕ್ರೈಸ್ತ ನೀತಿಚಿಂತನೆಯಲ್ಲಿ ಸದ್ಗುಣವೆಂದರೆ ಎಂದೋ ಒಮ್ಮೆ ಮಾಡಿದ ಒಳ್ಳೆಯ ಕೆಲಸವಲ್ಲ. ಒಳಿತನ್ನು ತಡವರಿಸದೆ, ಗೊಣಗದೆ ಮಾಡುವಂತೆ ಅಭ್ಯಾಸಬಲದಿಂದ ಮನಸ್ಸಿನಲ್ಲಿ ನೆಲೆಗೊಂಡ ಸ್ಥಿರವಾದ ಒಲವು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸರು ಅರಿಸ್ಟಾಟಲನ ಈ ವಿಚಾರವನ್ನು ಬಳಸಿಕೊಂಡು, ವಿವೇಕ, ನ್ಯಾಯ, ಸ್ಥೈರ್ಯ, ಮಿತ ಎಂಬ ನಾಲ್ಕು ಮೂಲ ಸದ್ಗುಣಗಳನ್ನು ಮನುಷ್ಯನು ಪ್ರಯತ್ನದಿಂದ ಗಳಿಸಬಹುದೆಂದೂ, ಸಂತ ಪೌಲರು ಹೇಳಿದ ವಿಶ್ವಾಸ, ನಿರೀಕ್ಷೆ, ಪ್ರೀತಿಗಳು ವರಪ್ರಸಾದದಿಂದ, ಅಂದರೆ ಅರ್ಹತೆಯನ್ನು ಲೆಕ್ಕಿಸದ ದೇವರ ದಾನವಾಗಿ, ಮಾತ್ರ ದೊರಕುವುವೆಂದೂ ವಿವರಿಸಿದರು. ವಿದ್ಯಾಪೀಠಕ್ಕೆ ಇಷ್ಟು ಸಾಕು. ಆದರೆ ಮಕ್ಕಳು, ಆಳುಕಾಳು, ಸಾಲ, ವ್ಯಾಜ್ಯಗಳ ನಡುವೆ ಬದುಕುವವರು ಎಲ್ಲಿಂದ ತೊಡಗಬೇಕೆಂಬುದು ಈ ವರ್ಗೀಕರಣದಿಂದ ತಿಳಿಯುವುದಿಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಸವಾಯ್ ಪ್ರಾಂತದ ಸಂತ ಫ್ರಾನ್ಸಿಸ್ ದ ಸಾಲ್ (1567–1622). ಪಾದುವಾದಲ್ಲಿ ಕಾನೂನು ಓದಿ, 1602ರಲ್ಲಿ ಜಿನೀವಾದ ಬಿಷಪ್ಪರಾದರೂ, ಆ ನಗರವು ಕ್ಯಾಲ್ವಿನ್ ಪಂಥದವರ ವಶದಲ್ಲಿದ್ದುದರಿಂದ ಅವರು ಆನ್ಸಿಯಲ್ಲಿ ನೆಲೆಸಬೇಕಾಯಿತು. ಷಾರ್ಮ್ವಾಸಿ ಮನೆತನದ ಒಬ್ಬ ಗೃಹಿಣಿಗೆ ಬರೆದುಕೊಟ್ಟ ಉಪದೇಶಗಳನ್ನು ವಿಸ್ತರಿಸಿ, ದೇವರನ್ನು ಪ್ರೀತಿಸುವವಳು ಎಂಬರ್ಥದ ‘ಫಿಲೋಥಿಯಾ’ ಎಂಬ ಹೆಸರಿನಿಂದ ಓದುಗರನ್ನು ಸಂಬೋಧಿಸಿ, ಅವರು 1609ರಲ್ಲಿ ‘ಭಕ್ತಿಜೀವನಕ್ಕೆ ಪ್ರವೇಶ’ವನ್ನು ಪ್ರಕಟಿಸಿದರು. ಬಿಷಪ್ಪನು ಸನ್ಯಾಸಿಯಂತೆ ಏಕಾಂತವಾಸ ಮಾಡಿದರೆ, ಸಂಸಾರಸ್ಥರು ಕಪುಚಿನ್ ಮಠದವರಂತೆ ಏನನ್ನೂ ಕೂಡಿಡದಿದ್ದರೆ, ಕುಶಲಕರ್ಮಿಯು ದಿನವಿಡೀ ಚರ್ಚಿನಲ್ಲೇ ಕುಳಿತರೆ ಅಂಥ ಭಕ್ತಿಯು ನಗೆಪಾಟಲಾಗುತ್ತದೆಂದು ಆರಂಭದಲ್ಲೇ ಹೇಳುವ ಈ ಗ್ರಂಥದ ಪ್ರಕಾರ, ಸದ್ಗುಣಗಳನ್ನು ಆರಿಸಬೇಕಾದದ್ದು ರುಚಿಯನ್ನು ನೋಡಿ ಅಲ್ಲ, ಕರ್ತವ್ಯವನ್ನು ನೋಡಿ.

ಗ್ರಂಥದ ಐದು ಭಾಗಗಳಲ್ಲಿ ಮೂರನೆಯದು ಸದ್ಗುಣಗಳಿಗೆ ಮೀಸಲು. ಮಹಾಧೈರ್ಯವನ್ನೂ ಮಹಾದಾನವನ್ನೂ ತೋರುವ ಸಂದರ್ಭಗಳು ಅಪರೂಪವಾದರೆ ಸೌಮ್ಯತೆ, ಮಿತ, ಪ್ರಾಮಾಣಿಕತೆ, ದೀನತೆಗಳು ಪ್ರತಿಯೊಂದು ಕೆಲಸಕ್ಕೂ ಬೇಕಾಗುತ್ತವೆ. ಸಕ್ಕರೆ ಉಪ್ಪಿಗಿಂತ ಶ್ರೇಷ್ಠವಾದರೂ ಎಲ್ಲಕ್ಕೂ ಬೀಳುವುದು ಉಪ್ಪೇ ಎಂದು ಗ್ರಂಥಕಾರರು ಅದನ್ನು ವಿವರಿಸುತ್ತಾರೆ. ಅವರು ಕೊಡುವ ಪಟ್ಟಿಯಂತೂ ತೀರ ಮನೆಯೊಳಗಿನದು: ತಲೆನೋವು, ಹಲ್ಲುನೋವು, ನೆಗಡಿ, ಗಂಡನ ಅಥವಾ ಹೆಂಡತಿಯ ಹಟ, ಒಡೆದ ಗಾಜಿನ ಲೋಟ, ಕಳೆದುಹೋದ ಕೈಗವಸು, ಉಂಗುರ, ಕರವಸ್ತ್ರ. ಇದನ್ನು ಸುಲಭದ ದಾರಿಯೆಂದು ತಿಳಿಯುವವರಿದ್ದಾರೆ. ಆದರೆ ಹುತಾತ್ಮನಿಗೆ ಒಂದು ದಿನದ ಪರೀಕ್ಷೆಯಾದರೆ ಈ ಗೃಹಿಣಿಗೆ ಅದು ಪ್ರತಿದಿನವೂ ಉಂಟು, ನೋಡಿ ಹೊಗಳುವವರು ಮಾತ್ರ ಯಾರೂ ಇಲ್ಲ.

ಸೋಲನ್ನು ಕುರಿತ ಅಧ್ಯಾಯ ಇನ್ನೂ ಸೂಕ್ಷ್ಮವಾದುದು. ಕೋಪಗೊಂಡದ್ದಕ್ಕಾಗಿ ತನ್ನ ಮೇಲೆಯೇ ಕೋಪಗೊಳ್ಳುವವನು ಪಶ್ಚಾತ್ತಾಪಪಡುತ್ತಿಲ್ಲ, ತಾನು ಇಷ್ಟು ಅಪೂರ್ಣನೇ ಎಂದು ನೊಂದ ಅಹಂಕಾರವನ್ನೇ ಸಾಕುತ್ತಿದ್ದಾನೆ; ಆದುದರಿಂದ ತಪ್ಪನ್ನು ಶಾಂತವಾಗಿ ಒಪ್ಪಿ, ದೇವರ ಕರುಣೆಯನ್ನು ನಂಬಿ, ಬಿಟ್ಟಲ್ಲಿಂದ ಮತ್ತೆ ತೊಡಗಬೇಕು. ಅಭ್ಯಾಸದಿಂದ ಬೆಳೆಯುವ ಗುಣವೂ ವರಪ್ರಸಾದವೂ ಇಲ್ಲಿ, ಅಕ್ವಿನಾಸರ ವಿಂಗಡಣೆಯ ಗೋಜಿಲ್ಲದೆ, ಒಂದೇ ಕೆಲಸದಲ್ಲಿ ಸೇರುತ್ತವೆ.

ಸೌಮ್ಯತೆ, ಸಹನೆಗಳ ಉಪದೇಶವು ದುರ್ಬಲರ ಬಾಯಿ ಮುಚ್ಚಿಸುವುದಕ್ಕೂ ಒದಗುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ; ಹದಿನೇಳನೆಯ ಶತಮಾನದ ಕುಲೀನ ಸಮಾಜದ ಮೇಲುಕೀಳನ್ನು ಈ ಗ್ರಂಥ ಪ್ರಶ್ನಿಸುವುದೂ ಇಲ್ಲ. ಆದರೂ ಅದೇ ಭಾಗದ ಕೊನೆಯ ಹೊತ್ತಿಗೆ ನ್ಯಾಯಬುದ್ಧಿಯ ಅಧ್ಯಾಯವು ಉಳ್ಳವರತ್ತ ತಿರುಗಿ, ನೆರೆಯವನ ಸಣ್ಣ ತಪ್ಪನ್ನು ಹಿಡಿದು ತನ್ನ ದೊಡ್ಡ ತಪ್ಪನ್ನು ಮನ್ನಿಸಿಕೊಳ್ಳುವ, ಮಾರುವಾಗ ದುಬಾರಿಗೆ ಮಾರಿ ಕೊಳ್ಳುವಾಗ ಅಗ್ಗಕ್ಕೆ ಕೇಳುವ ಎರಡು ತಕ್ಕಡಿಯ ವ್ಯವಹಾರವನ್ನು ಖಂಡಿಸುತ್ತದೆ. ಮಾರುವವನು ಕೊಳ್ಳುವವನ ಸ್ಥಾನದಲ್ಲೂ ಕೊಳ್ಳುವವನು ಮಾರುವವನ ಸ್ಥಾನದಲ್ಲೂ ನಿಂತು ಬೆಲೆ ಕಟ್ಟಬೇಕೆಂದು ಅದು ವಿಧಿಸುತ್ತದೆ.