ಪೇಢೆ ತಿನ್ನೋ ಮುಂಚೆ

ಹೋದ ಭಾನುವಾರ ನಮ್ಮ ಧನಕವಡಿ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಹಾವೇರಿ ಕಡೆಯ ಹುಡುಗ ಧಾರವಾಡ ಪೇಢೆಯ ಡಬ್ಬಿ ಹಿಡಿದು ಬಂದ. “ಕಾಕಾ, ನನ್ನ ಪೇಟೆಂಟ್ ಬಂತ್ರಿ!”

ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಪುಟ್ಟ ಯಂತ್ರ ಅವನದು. ಕೂಲಿಗೆ ತೊಟ್ಟು ಮುರಿದು ಅವ್ವನ ಕೈ ಉರಿಯುವುದನ್ನು ನೋಡುತ್ತ ಬೆಳೆದವನು.

“ಕುಂದ್ರಪಾ ಮೊದಲ” ಅಂದು ಕಾಗದ ನೋಡಿದೆ. ಪ್ರತಿ ಶುಕ್ರವಾರ ಬರುವ ಪೇಟೆಂಟ್ ಜರ್ನಲ್‌ನ ಪುಟ ಅದು. ಪೇಟೆಂಟ್ ಅಲ್ಲ.

ಪುಣೆಯ ಎಷ್ಟೋ ಜನರಂತೆ ನಾನೂ ಜರ್ಮನ್ ಕಂಪನಿಯೊಂದರಲ್ಲಿ ದುಡಿದವನು. ಈ ವ್ಯತ್ಯಾಸ ಕಲಿತದ್ದು ಅಲ್ಲಿಯೇ. ಜರ್ಮನಿಯಲ್ಲಿ ಅರ್ಜಿ ಹಾಕಿದ 18 ತಿಂಗಳಿಗೆ ಅದನ್ನು ಎಲ್ಲರೆದುರು ತೆರೆದಿಡುತ್ತಾರೆ. ಆ ಪ್ರತಿಯ ಮೇಲೆ ‘ಎ1’ ಅಂತ ಇರುತ್ತದೆ. ಪರೀಕ್ಷೆ ಮುಗಿದು ಮಂಜೂರಾದರೆ ಎರಡನೇ ಪ್ರಕಟಣೆ, ಅದರ ಮೇಲೆ ‘ಬಿ4’. ಆಮೇಲೂ 9 ತಿಂಗಳು ಯಾರಾದರೂ ತಕರಾರು ಹಾಕಬಹುದು. ಎ1 ಕೈಗೆ ಬಂದಾಗ ನಮ್ಮ ಆಫೀಸಿನಲ್ಲಿ ಯಾರೂ ಸಿಹಿ ಹಂಚುತ್ತಿರಲಿಲ್ಲ.

ನಮ್ಮಲ್ಲೂ ಪ್ರಕಟಣೆ 18 ತಿಂಗಳಿಗೇ. ಅವಸರವಿದ್ದರೆ ಫಾರಂ 9 ಹಾಕಿ ಬೇಗ ಮಾಡಿಸಬಹುದು. ಪ್ರಕಟವಾಯಿತೆಂದರೆ ಗುಟ್ಟು ಹೊರಬಿತ್ತು ಎಂದಷ್ಟೇ ಅರ್ಥ. ಅಂದಿನಿಂದ ಯಾರು ಬೇಕಾದರೂ ಮಂಜೂರಾತಿಗೆ ವಿರೋಧ ಸಲ್ಲಿಸಬಹುದು. ಹಕ್ಕಿನ ಲೆಕ್ಕ ಅಂದಿನಿಂದಲೇ ಶುರುವಾದರೂ, ಕದ್ದವನ ಮೇಲೆ ದಾವೆ ಹೂಡಲು ಮಂಜೂರಾತಿ ಬರಲೇಬೇಕು.

“ಫಾರಂ 18 ಹಾಕೀಯೇನು?” ಎಂದೆ. ಹುಡುಗ ಮುಖ ಮುಖ ನೋಡಿದ. ಪರೀಕ್ಷೆ ಮಾಡಿ ಎಂದು ನಾವೇ ಕೇಳಬೇಕು, ತಾನಾಗಿ ನಡೆಯುವುದಿಲ್ಲ. 2024ರ ಮಾರ್ಚ್ 15ರಿಂದ ಈಚೆಗೆ ಹಾಕಿದ ಅರ್ಜಿಗಳಿಗೆ ಗಡುವು 48 ತಿಂಗಳಿಂದ 31ಕ್ಕೆ ಇಳಿದಿದೆ. ಅದು ದಾಟಿದರೆ ಅರ್ಜಿ ವಾಪಸ್ ಪಡೆದಂತೆಯೇ. ಗುಟ್ಟೂ ಹೋಯಿತು, ಪೇಟೆಂಟೂ ಇಲ್ಲ. ಇವನಿಗೆ ಆಗಲೇ 19 ತಿಂಗಳು ಕಳೆದಿತ್ತು.

ಅಷ್ಟರಲ್ಲಿ ಜೇಬಿನಿಂದ ಸ್ಟಿಕರ್ ಹಾಳೆ ತೆಗೆದ. ‘ಪೇಟೆಂಟ್ ಪಡೆದ ಯಂತ್ರ’. ಇನ್ನೂರು ಛಾಪಿಸಿದ್ದನಂತೆ! ಪೇಟೆಂಟ್ ಇಲ್ಲದೆ ಹಾಗೆ ಬರೆದು ಮಾರಿದರೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

“ಅವ್ವಗ ಏನ್ ಹೇಳ್ಲಿರಿ ಕಾಕಾ? ಊರೆಲ್ಲ ಹೇಳಿಬಿಟ್ಟಾಳ...”

“ಯಂತ್ರ ಖರೇ ಐತಿ, ಕಾಗದ ಇನ್ನಾ ಬರಬೇಕು ಅಂತ ಹೇಳು.”

ಸೋಮವಾರ ಫಾರಂ 18 ಹೋಯಿತು. ಹೊಸ ಸ್ಟಿಕರ್‌ನಲ್ಲಿ ‘ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಾಗಿದೆ’ ಎಂದಿದೆ. ಪೇಢೆ ಮಾತ್ರ ಅವತ್ತೇ ಖಾಲಿ, ಅದಕ್ಕೇನು ಗಡುವು?