ಯಾರ ಪಾಪವೆಂದು ಕೇಳುವವರಿಗೆ

ಮೂರು ವರ್ಷದ ಹೆಣ್ಣುಮಗುವಿನ ಒಂದು ಕಣ್ಣುಪಾಪೆ ದೀಪದ ಬೆಳಕಿಗೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವುದನ್ನು ಮೊದಲು ಕಂಡವಳು ತಾಯಿ. ದೃಷ್ಟಿ ತಗುಲಿದೆ ಎಂದರು ನೆರೆಯವರು. ನಾಟಿ ಔಷಧವಾಯಿತು. ಬೆಳ್ಳಿಯ ಕಣ್ಣನ್ನು ಒಪ್ಪಿಸುವ ಹರಕೆ ಹೊತ್ತು ವೇಳಾಂಕಣಿಗೆ ಹೋಗಿಬಂದದ್ದೂ ಆಯಿತು. ಆ ಯಾತ್ರೆಗೆ ಹೊರಟಾಗ ಮಗುವಿನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದವರು ನಾವೇ; ವೈದ್ಯರಿಗೆ ತೋರಿಸಿದಿರಾ ಎಂಬ ಒಂದು ಮಾತನ್ನು ಮಾತ್ರ ಕೇಳಲಿಲ್ಲ. ನಾಲ್ಕು ತಿಂಗಳ ಬಳಿಕ ರೆಟಿನೋಬ್ಲಾಸ್ಟೋಮ, ಅಂದರೆ ಅಕ್ಷಿಪಟಲದ ಕ್ಯಾನ್ಸರ್, ಎಂದು ತಿಳಿದುಬರುವ ವೇಳೆಗೆ ಆ ಕಣ್ಣನ್ನು ಉಳಿಸಿಕೊಳ್ಳುವಂತಿರಲಿಲ್ಲ. ಕುಟುಂಬದ ಒಪ್ಪಿಗೆ ಪಡೆದು, ಹೆಸರು ಹೇಳದೆ ಇದನ್ನು ಬರೆಯುತ್ತಿದ್ದೇವೆ.

ಸುಮಾರು 15,000ದಿಂದ 20,000 ಶಿಶುಗಳಲ್ಲಿ ಒಂದಕ್ಕೆ ಬರುವ ಅಪರೂಪದ ವ್ಯಾಧಿಯಿದು. ಬಹುಪಾಲು ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಬೇಗನೆ ಕಂಡುಹಿಡಿದು ಪೂರ್ಣ ಚಿಕಿತ್ಸೆ ನೀಡುವ ನಾಡುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ಆದರೆ ತಡವಾದರೆ ಅದು ಕಣ್ಣಿನ ನರದ ಮೂಲಕ ಮಿದುಳಿನ ಕಡೆಗೆ ಸಾಗುತ್ತದೆ.

ವಿಷಯ ಊರಿಗೆ ತಿಳಿದೊಡನೆ ಬಂದ ಮೊದಲ ಪ್ರಶ್ನೆ: ಯಾರ ಪಾಪದ ಫಲವಿದು? ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದನ್ನೇ ಕೇಳಿದರೆಂದು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ನಾವು ಅದನ್ನು ಮತ್ತೆ ಎತ್ತಿಕೊಂಡಿದ್ದೇವೆ. ಗುರುಮಠದಲ್ಲಿ ಅರಿಸ್ಟಾಟಲನ ನಾಲ್ಕು ಬಗೆಯ ಕಾರಣಗಳನ್ನು ನಾವು ಬಾಯಿಪಾಠ ಮಾಡಿದ್ದುಂಟು. ಅವುಗಳಲ್ಲಿ ಯಾವುದೂ ಒಬ್ಬ ತಾಯಿಯನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದಕ್ಕಾಗಿ ಹುಟ್ಟಿದ್ದಲ್ಲ. ಒಂದು ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಾಗ ಈ ರೋಗ ಹುಟ್ಟುತ್ತದೆಂಬ ವಿವರಣೆಗೆ 1971ರಲ್ಲಿ ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್ ದಾರಿ ತೋರಿದರು. ಒಂದೇ ಕಣ್ಣಿಗೆ ಬಂದ ರೋಗದಲ್ಲಿ ಹೆಚ್ಚಾಗಿ ಆ ಎರಡು ಕೇಡುಗಳೂ ಮಗುವಿನ ಕಣ್ಣಿನ ಜೀವಕೋಶದಲ್ಲೇ ಆದಂಥವು. ಇಲ್ಲಿ ತಾಯಿಯ ತಪ್ಪೆಲ್ಲಿ? ತಂದೆಯ ತಪ್ಪೆಲ್ಲಿ?

ಕಣ್ಣು ತೆಗೆಯಲು ತಂದೆ ಒಪ್ಪಲಿಲ್ಲ. "ಹೆಣ್ಣುಮಗು ಫಾದರ್, ನಾಳೆ ಮದುವೆಯ ಮಾತು ಬಂದಾಗ ಏನು ಹೇಳಲಿ?" ಎಂದರು. ಮದುವೆಯ ಮಾತು ಬರಬೇಕಾದರೆ ಅವಳು ಮೊದಲು ಬದುಕಬೇಕಲ್ಲವೇ ಎಂದೆವು. ಮಾತು ಒರಟಾಯಿತೇನೋ. ಅವರ ಮನಸ್ಸನ್ನು ನಿಜವಾಗಿ ಬದಲಿಸಿದ್ದು ನಮ್ಮ ತರ್ಕವಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಕೃತಕ ಕಣ್ಣಿಟ್ಟುಕೊಂಡು ಚೆಂಡಾಡುತ್ತಿದ್ದ ಇನ್ನೊಂದು ಮಗು.

ಶಸ್ತ್ರಚಿಕಿತ್ಸೆಯ ನಂತರ ಮೂರು ವಾರಗಳಿಗೊಮ್ಮೆ ಔಷಧಿ, ಒಟ್ಟು ಆರು ಸರದಿ. ಕೂದಲು ಉದುರಿತು. ರಕ್ತದ ಬಿಳಿಕಣಗಳು ಕುಸಿದಿರುವಾಗ ಬರುವ ಜ್ವರ ಪ್ರಾಣಾಂತಕವಾಗಬಲ್ಲದು, ಬೆಳಗಿನವರೆಗೆ ಕಾಯುವಂತಿಲ್ಲ. ಆದ್ದರಿಂದ ನೆಗಡಿ ಕೆಮ್ಮು ಇರುವವರು ಜಪಸರಕ್ಕೆಂದು ಆ ಮನೆ ತುಂಬುವುದು ಬೇಡ. ತಮ್ಮ ಮನೆಯಲ್ಲೇ ಜಪಿಸಲಿ. ಮಗುವಿಗೆ 'ಸೂಜಿ ಚುಚ್ಚುವುದಿಲ್ಲ' ಎಂದು ಸುಳ್ಳು ಹೇಳುವುದೂ ಬೇಡ. ಹಾಗೆ ಹೇಳಿದ ಚಿಕ್ಕಪ್ಪನ ತೋಳಿಗೆ ಅವಳು ಇಂದಿಗೂ ಹೋಗುವುದಿಲ್ಲ. ದಾದಿಯೊಬ್ಬರು ಗೊಂಬೆಯ ಕಣ್ಣಿಗೆ ಪಟ್ಟಿ ಕಟ್ಟಿ, ಆಗಲಿರುವುದನ್ನೆಲ್ಲ ಮೊದಲೇ ತೋರಿಸಿಕೊಟ್ಟರು. ಆ ಗೊಂಬೆ ಈಗ ಅವಳ ಹಾಸಿಗೆಯಲ್ಲಿದೆ.

ಬಡ ದೇಶಗಳಲ್ಲಿ ಮಕ್ಕಳ ಕ್ಯಾನ್ಸರ್ ಗುಣವಾಗದಿರಲು ಚಿಕಿತ್ಸೆಯನ್ನು ನಡುವೆ ಕೈಬಿಡುವುದೂ ಒಂದು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ ಬಸ್ಸಿನ ದುಡ್ಡು, ಕಳೆದುಹೋದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಹಸುಗಳು ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ. ಮೂರನೆಯ ಸರದಿಯ ಹೊತ್ತಿಗೆ ಈ ತಂದೆಯೂ 'ಸಾಕು' ಎಂದಿದ್ದರು. ಆಗ ಧರ್ಮಕೇಂದ್ರದ ಎರಡು ಮನೆಯವರು ಹಾಲು ಕರೆಯುವ ಕೆಲಸ ವಹಿಸಿಕೊಂಡರು. ಯುವಕನೊಬ್ಬ ಬೆಂಗಳೂರಿಗೆ ಜೊತೆಯಾಗಿ ಹೋದ.

ಬರುವ ಸೋಮವಾರ ಐದನೆಯ ಸರದಿ. ಎಂಟು ತಿಂಗಳ ತಮ್ಮನ ಕಣ್ಣುಗಳನ್ನೂ ಪರೀಕ್ಷಿಸಬೇಕೆಂದು ವೈದ್ಯರು ಹೇಳಿರುವುದರಿಂದ ಈ ಬಾರಿ ಅವನೂ ಹೊರಡುತ್ತಾನೆ. ಇಬ್ಬರು ಮಕ್ಕಳೊಡನೆ ತಾಯಿಗೆ ನೆರವಾಗಿ ಹೋಗಲು ಒಬ್ಬ ಹೆಣ್ಣುಮಗಳು ಬೇಕು. ಶನಿವಾರ ಸಂಜೆಯೊಳಗೆ ಗುರುನಿವಾಸಕ್ಕೆ ತಿಳಿಸಿದರೆ ಆದೀತು.