ಗ್ರಹಣ ನೋಡಿದರೆ ಹುಟ್ಟುವ ಮಗುವಿಗೆ ಕಿವಿ ಕೇಳಿಸುವುದಿಲ್ಲವೇ?

ಗರ್ಭಿಣಿ ಗ್ರಹಣ ನೋಡಿದರೆ ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವಲ್ಲ. ಹುಟ್ಟು ಕಿವುಡುತನಕ್ಕೆ ಕಾರಣಗಳು ಹಲವು. ಮುಖ್ಯವಾದ ಒಂದು, ಜೀವಕೋಶಗಳನ್ನು ಜೋಡಿಸುವ ಅತಿಸಣ್ಣ ಕೊಳವೆಗಳ ದೋಷ.

ಇವುಗಳಿಗೆ ಗ್ಯಾಪ್ ಜಂಕ್ಷನ್ ಎನ್ನುತ್ತಾರೆ. ಕನೆಕ್ಸಿನ್ ಎಂಬ ಪ್ರೋಟೀನಿನ 6 ಘಟಕಗಳು ಸೇರಿ ಅರ್ಧ ಕೊಳವೆ ಆಗುತ್ತದೆ. ಪಕ್ಕದ ಕೋಶದ ಅರ್ಧ ಬಂದು ಕೂಡಿದರೆ ದಾರಿ ಪೂರ್ತಿ. ಈ 12 ಘಟಕಗಳೂ ಒಂದೇ ಬಗೆಯವಾಗಿರಬೇಕಿಲ್ಲ. ಒಳಕಿವಿಯಲ್ಲಿ ಕನೆಕ್ಸಿನ್ 26 ಮತ್ತು 30 ಬೆರೆತಿರುತ್ತವೆ. ಕೊಳವೆಯಲ್ಲಿ ಯಾವ ಅಣು ಎಷ್ಟು ಸಲೀಸಾಗಿ ದಾಟುತ್ತದೆ ಎಂಬುದು ಈ ಬೆರಕೆಯನ್ನು ಅವಲಂಬಿಸಿದೆ. 26 ಕೆಟ್ಟರೆ 30 ಒಂದೇ ಅದರ ಕೆಲಸ ತುಂಬಿಕೊಡಲಾರದು.

26ರ ಜೀನ್‌ಗೂ ಕಿವುಡುತನಕ್ಕೂ ಇರುವ ನಂಟು 1997ರಲ್ಲಿ ತಿಳಿಯಿತು. ಸಾಮಾನ್ಯವಾಗಿ ಅಪ್ಪ, ಅಮ್ಮ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದಾಗ ಮಾತ್ರ ತೊಂದರೆ. ಅವರಿಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತಿರಬಹುದು. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಸಾಧ್ಯತೆ. ಸೋದರಮಾವ ಅಥವಾ ಅತ್ತೆಯ ಮಗನನ್ನು ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚು.

ಆದ್ದರಿಂದ ತಾಯಿಯನ್ನು ದೂರಬೇಡಿ. ಮಗು ಶಬ್ದಕ್ಕೆ ಸ್ಪಂದಿಸದಿದ್ದರೆ ಬೇಗ ಕಿವಿ ಪರೀಕ್ಷೆ ಮಾಡಿಸಿ. ಸಕಾಲದ ಚಿಕಿತ್ಸೆಯಿಂದ ಮಾತು ಕಲಿಯಲು ಅನುಕೂಲವಾಗುತ್ತದೆ.